ತಲೆ ತೆರೆದ ಜೀರುಂಡೆ

ವಸ್ತುವೊಂದು ಹಳೆಯದಾದಂತೆ ಅದರ ಬೆಲೆ ಇಳಿಯುವುದು ಲೋಕದ ವಾಡಿಕೆ. ಮೋಟಾರು ಕಾರಿನ ವಿಷಯದಲ್ಲಂತೂ ಈ ನಿಯಮ ಬಹು ಕಠೋರವಾದುದು. ಮಳಿಗೆಯ ಹೊಸ್ತಿಲು ದಾಟಿದ ಗಳಿಗೆಯಿಂದಲೇ ಕಾರಿನ ಬೆಲೆ ಕುಸಿಯತೊಡಗುತ್ತದೆ. ಹತ್ತು ಹದಿನೈದು ವರ್ಷಗಳು ಕಳೆದುವೆಂದರೆ ಗುಜರಿಯವನ ತಕ್ಕಡಿಯೇ ಅದಕ್ಕೆ ಗತಿ. ಆದರೆ ಈ ದಾರಿಯಲ್ಲಿ ಒಂದು ತಿರುವು ಉಂಟು. ಹೇಗೋ ಗುಜರಿಯಿಂದ ತಪ್ಪಿಸಿಕೊಂಡು ಮೂವತ್ತು ನಲವತ್ತು ವರ್ಷ ಬಾಳಿದ ಕಾರು ಮತ್ತೆ ಮೆಲ್ಲಮೆಲ್ಲನೆ ಬೆಲೆಯೇರಲು ತೊಡಗುತ್ತದೆ. ನಿನ್ನೆಯವರೆಗೆ ‘ಹಳೆಯ ಡಬ್ಬ’ ಎನಿಸಿಕೊಂಡಿದ್ದುದು ಇಂದು ‘ಸಂಗ್ರಹಯೋಗ್ಯ’ ಎನಿಸಿಕೊಳ್ಳುತ್ತದೆ.

ಇದಕ್ಕಿಂತಲೂ ವಿಚಿತ್ರವಾದ ಮಾತೊಂದುಂಟು. ಒಂದೇ ವರ್ಷದಲ್ಲಿ, ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ಕಾರುಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದರೆನ್ನಿ. ಒಂದಕ್ಕೆ ಹೊಸ ಬಣ್ಣ, ಹೊಸ ಆಸನ, ಹೊಸ ಛಾವಣಿ. ಕನ್ನಡಿಯಂತೆ ಮುಖ ಕಾಣುವ ಹೊಳಪು. ಇನ್ನೊಂದರದು ಹುಟ್ಟಿದಾಗಿನ ಬಣ್ಣವೇ. ಅಲ್ಲಲ್ಲಿ ಮಾಸಿದೆ, ಬಾಗಿಲ ಹಿಡಿಯ ಬಳಿ ಉಗುರು ಗೀರಿದ ಗುರುತಿದೆ, ಚಾಲಕನ ಆಸನದ ಅಂಚು ಸವೆದಿದೆ. ದಾರಿಹೋಕರು ಮೊದಲನೆಯದರ ಮುಂದೆ ನಿಂತು ತಲೆದೂಗುತ್ತಾರೆ. ಬಲ್ಲ ಸಂಗ್ರಾಹಕನಾದರೋ ಎರಡನೆಯದರ ಮುಂದೆ ಮೊಣಕಾಲೂರಿ ಕುಳಿತು ಅಡಿಯಲ್ಲಿ ಇಣುಕಿ ನೋಡುತ್ತಾನೆ. ಅವನಿಗೆ ಆ ಮಾಸಿದ ಬಣ್ಣದಲ್ಲಿ ಕಾಣುವುದೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ರಾಜಮಹಾರಾಜರ ಗಾಡಿಗಳನ್ನೇ ಅರಸಿ ಹೋಗಬೇಕಾಗಿಲ್ಲ. ಜರ್ಮನಿಯ ಓಸ್ನಾಬ್ರೂಕ್ ಎಂಬ ಊರಿನಲ್ಲಿ 1949ರಿಂದ 1980ರವರೆಗೆ ತಯಾರಾದ, ಸಾಮಾನ್ಯ ಗೃಹಸ್ಥರೂ ಕೊಂಡು ಓಡಿಸಿದ ಒಂದು ಪುಟ್ಟ ಕಾರಿನ ಕಥೆಯೇ ಸಾಕು. ಅದು ಫೋಕ್ಸ್‌ವ್ಯಾಗನ್ ಬೀಟಲ್. ಜರ್ಮನರ ಮಾತಿನಲ್ಲಿ ‘ಕೇಫರ್’, ಎಂದರೆ ಜೀರುಂಡೆ. ಅದರಲ್ಲಿಯೂ ಛಾವಣಿಯನ್ನು ಹಿಂದಕ್ಕೆ ಮಡಚಿಡಬಲ್ಲ, ತಲೆ ತೆರೆದ ಜೀರುಂಡೆ.

ಕತ್ತಲೆಯಲ್ಲಿ ಹುಟ್ಟಿದ ಕಾರು

ನೋಡಿದವರ ಮುಖದಲ್ಲಿ ನಗೆ ಮೂಡಿಸುವ ಈ ಗಾಡಿಯ ಜನ್ಮವೃತ್ತಾಂತ ಮಾತ್ರ ನಗೆ ತರುವಂಥದಲ್ಲ. ಜನಸಾಮಾನ್ಯರಿಗೊಂದು ಅಗ್ಗದ ಕಾರು ಬೇಕೆಂಬ ಯೋಜನೆಯನ್ನು ಹಿಟ್ಲರನ ಸರ್ಕಾರ ಕೈಗೆತ್ತಿಕೊಂಡಿತು. ಅದನ್ನು ರೂಪಿಸಿದವನು ಫರ್ಡಿನಾಂಡ್ ಪೋರ್ಷೆ. 1938ರ ಮೇ 26ರಂದು ಕಾರ್ಖಾನೆಗೆ ಅಸ್ತಿಭಾರ ಹಾಕಿದಾಗ ಜನರ ಮುಂದೆ ಮೂರು ಬಗೆಯ ಮಾದರಿಗಳನ್ನು ಸಾಲಾಗಿ ನಿಲ್ಲಿಸಲಾಗಿತ್ತು. ಅವುಗಳಲ್ಲಿ ಒಂದು ಛಾವಣಿ ಮಡಚುವ ಕಾರು. ಸಮಾರಂಭ ಮುಗಿದ ಮೇಲೆ ಹಿಟ್ಲರನು ಕುಳಿತು ಹೋದದ್ದು ಆ ತೆರೆದ ಕಾರಿನಲ್ಲಿಯೇ. ಅದನ್ನು ನಡೆಸಿದವನು ಪೋರ್ಷೆಯ ಮಗ ಫೆರಿ.

ವಾರವಾರವೂ ಚೀಟಿಗಳನ್ನು ಕೊಂಡು ಪುಸ್ತಕದಲ್ಲಿ ಅಂಟಿಸುತ್ತ ಬಂದವರಿಗೆ ಮುಂದೆ ಕಾರು ದೊರೆಯುವುದೆಂದು ಸರ್ಕಾರ ಸಾರಿತ್ತು. ಸುಮಾರು 3,36,000 ಮಂದಿ ಹೊಟ್ಟೆಬಟ್ಟೆ ಕಟ್ಟಿ ಹಣ ತೆತ್ತರು. ಅವರಲ್ಲಿ ಒಬ್ಬನಿಗೂ ಕಾರು ದೊರೆಯಲಿಲ್ಲ. ಯುದ್ಧ ಬಂದಿತು, ಕಾರ್ಖಾನೆ ಸೈನ್ಯದ ಗಾಡಿಗಳನ್ನು ಹೆರತೊಡಗಿತು. ಆಕ್ರಮಿತ ದೇಶಗಳಿಂದ ಎಳೆದು ತಂದ ಸಾವಿರಾರು ಜನರು, ಸೆರೆಶಿಬಿರಗಳ ಬಂದಿಗಳು ಕೂಡ ಅಲ್ಲಿ ಜೀತದ ದುಡಿಮೆ ಮಾಡಿದರು. 1945ರಲ್ಲಿ ಯುದ್ಧ ಮುಗಿದಾಗ ಉಳಿದದ್ದು ಬಾಂಬುಗಳಿಂದ ಜರ್ಝರಿತವಾದ ಕಟ್ಟಡ, ಕೆಲಸವಿಲ್ಲದ ಜನ, ಮತ್ತು ಆಗಷ್ಟೇ ವೋಲ್ಫ್ಸ್‌ಬರ್ಗ್ ಎಂಬ ಹೊಸ ಹೆಸರು ಪಡೆದ ಊರು.

ಆ ಕಾರ್ಖಾನೆಯನ್ನು ಮತ್ತೆ ನಡೆಯುವಂತೆ ಮಾಡಿದವನು ಗೆದ್ದ ಪಕ್ಷದ ಒಬ್ಬ ಅಧಿಕಾರಿ. ಬ್ರಿಟಿಷ್ ಸೈನ್ಯದ ಮೇಜರ್ ಐವಾನ್ ಹರ್ಸ್ಟ್ 1945ರ ಆಗಸ್ಟಿನಲ್ಲಿ ಅಲ್ಲಿಗೆ ಬಂದನು. ಆಕ್ರಮಣ ಸೈನ್ಯಕ್ಕೆ ಗಾಡಿಗಳು ಬೇಕಾಗಿದ್ದುವು. ಜರ್ಮನ್ ಕೆಲಸಗಾರರಿಗೆ ಅನ್ನ ಬೇಕಾಗಿತ್ತು. ಎರಡನ್ನೂ ಕೂಡಿಸಿದ ಹರ್ಸ್ಟ್‌ನ ಜಾಣ್ಮೆಯಿಂದ, ಜನರ ಹಣ ನುಂಗಿದ್ದ ಯೋಜನೆಯ ಕಾರು ಕೊನೆಗೂ ಜನರ ಕಾರಾಯಿತು. 1946ರಲ್ಲಿ ಅಲ್ಲಿಯೇ, ಬ್ರಿಟಿಷ್ ಕರ್ನಲ್ ಚಾರ್ಲ್ಸ್ ರ‍್ಯಾಡ್‌ಕ್ಲಿಫ್‌ಗಾಗಿ ಎರಡು ಆಸನಗಳ ತೆರೆದ ಜೀರುಂಡೆಯೊಂದು ಸಿದ್ಧವಾಯಿತು. ಅದು ಮಾರಾಟಕ್ಕೆಂದು ಮಾಡಿದುದಲ್ಲ. ಆದರೆ ಈ ಕಾರಿನ ತಲೆ ತೆರೆದರೂ ಚೆಲುವು ಕೆಡುವುದಿಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು.

ಇಬ್ಬರು ಗಾಡಿಗಾರರು

1948ರ ಜನವರಿಯಲ್ಲಿ ಹೈನ್ಸ್ ನೋರ್ಡ್‌ಹೋಫ್ ಕಾರ್ಖಾನೆಯ ಹೊಣೆ ವಹಿಸಿಕೊಂಡನು. ತೆರೆದ ಕಾರನ್ನು ವೋಲ್ಫ್ಸ್‌ಬರ್ಗ್‌ನಲ್ಲಿಯೇ ಮಾಡುವ ಬದಲು ಹೊರಗಿನ ಕುಶಲಿಗರಿಗೆ ವಹಿಸುವುದೆಂದು ನಿಶ್ಚಯವಾಯಿತು. ಮುಂದೆ ಬಂದ ಇಬ್ಬರೂ ಕುದುರೆಗಾಡಿಗಳ ಕಾಲದಿಂದ ಬಂದ ಮನೆತನದವರು. ವ್ಯುಲ್ಫ್‌ರಾತ್ ಎಂಬಲ್ಲಿನ ಹೆಬ್‌ಮ್ಯುಲ್ಲರ್ ಸಂಸ್ಥೆಗೆ ಎರಡು ಆಸನಗಳ ಕಾರು. ಓಸ್ನಾಬ್ರೂಕ್‌ನ ಕಾರ್ಮನ್ ಸಂಸ್ಥೆಗೆ ನಾಲ್ಕು ಜನ ಕುಳಿತುಕೊಳ್ಳುವ ಕಾರು.

ಓಸ್ನಾಬ್ರೂಕ್ ಇತಿಹಾಸಕ್ಕೆ ಅಪರಿಚಿತವಾದ ಊರಲ್ಲ. ಮೂವತ್ತು ವರ್ಷಗಳ ಯುದ್ಧವನ್ನು ಕೊನೆಗಾಣಿಸಿದ 1648ರ ಸಂಧಾನ ನಡೆದ ಎರಡು ಊರುಗಳಲ್ಲಿ ಇದೊಂದು. ಕಾದಂಬರಿಕಾರ ಎರಿಕ್ ಮರಿಯಾ ರಿಮಾರ್ಕ್ ಹುಟ್ಟಿದ್ದೂ ಇಲ್ಲಿಯೇ. ಅಲ್ಲಿ 1874ರಲ್ಲಿ ಸ್ಥಾಪಿತವಾಗಿದ್ದ ಗಾಡಿಯ ಕಾರ್ಖಾನೆಯೊಂದನ್ನು 1901ರಲ್ಲಿ ವಿಲ್ಹೆಲ್ಮ್ ಕಾರ್ಮನ್ ಕೊಂಡುಕೊಂಡನು. ಕುದುರೆಗಾಡಿಯ ಕಾಲ ಮುಗಿಯುತ್ತಿರುವುದನ್ನು ಅರಿತು, ಮರುವರ್ಷವೇ ಮೋಟಾರಿಗೆ ಮೈ ಕಟ್ಟುವ ಕೆಲಸಕ್ಕೆ ಕೈಹಾಕಿದನು.

ಇಬ್ಬರ ಅದೃಷ್ಟ ಒಂದೇ ವರ್ಷದಲ್ಲಿ ಎರಡು ಹಾದಿ ಹಿಡಿಯಿತು. 1949ರ ಜುಲೈ 23ರಂದು ಹೆಬ್‌ಮ್ಯುಲ್ಲರನ ಕಾರ್ಖಾನೆಗೆ ಬೆಂಕಿ ಬಿದ್ದಿತು. ಸಂಸ್ಥೆ ಮತ್ತೆ ಎದ್ದು ನಿಂತು ಕೆಲಸ ಮುಂದುವರಿಸಿತಾದರೂ ಸಾಲದ ಹೊರೆಯಿಂದ ಚೇತರಿಸಿಕೊಳ್ಳಲಿಲ್ಲ. ಎರಡು ಸಾವಿರ ಕಾರುಗಳ ಆಸೆ 696ಕ್ಕೆ ನಿಂತುಹೋಯಿತು. ಅವುಗಳಲ್ಲಿಯೂ ಕೊನೆಯ ಕೆಲವನ್ನು ಮುಗಿಸಿದ್ದು ಕಾರ್ಮನ್‌ನ ಕಾರ್ಖಾನೆಯಲ್ಲಿ. ಇಂದು ಆ 696ರಲ್ಲಿ ಉಳಿದಿರುವ ಒಂದೊಂದನ್ನೂ ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುತ್ತಾರೆ. ಕಾರ್ಮನ್‌ಗೆ ಮೊದಲು ದೊರೆತದ್ದು ಸಾವಿರ ಕಾರುಗಳ ಆದೇಶ. ಆ ಸಾವಿರ ಬೆಳೆದು ಮೂವತ್ತು ವರ್ಷಗಳಲ್ಲಿ 3,31,847 ಆಯಿತು. ಯುದ್ಧಪೂರ್ವದಲ್ಲಿ ಹಣ ಕಟ್ಟಿ ಮೋಸಹೋದವರ ಸಂಖ್ಯೆಗೆ ಇದು ಬಹುಮಟ್ಟಿಗೆ ಸರಿಸಮಾನವೆಂಬುದು ಕಾಕತಾಳೀಯ. ಆದರೂ ಮನಸ್ಸಿನಲ್ಲಿ ಉಳಿಯುವ ಕಾಕತಾಳೀಯ.

ಮುಚ್ಚಳ ತೆಗೆದ ಪೆಟ್ಟಿಗೆ

ಛಾವಣಿ ಕೊಯ್ದು ಬಟ್ಟೆ ಹೊದಿಸಿದರೆ ತೆರೆದ ಕಾರು ಸಿದ್ಧವಾಯಿತೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ರಟ್ಟಿನ ಪೆಟ್ಟಿಗೆಯೊಂದನ್ನು ಎರಡು ಕೈಗಳಲ್ಲಿ ಹಿಡಿದು ತಿರುಚಿ ನೋಡಿ. ಮುಚ್ಚಳ ಅಂಟಿಸಿದ್ದರೆ ಅದು ಬಗ್ಗುವುದಿಲ್ಲ. ಮುಚ್ಚಳ ಕತ್ತರಿಸಿದೊಡನೆ ಒದ್ದೆ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಕಾರಿನ ಉಕ್ಕಿನ ಛಾವಣಿಯೂ ಅಂಥ ಮುಚ್ಚಳವೇ. ಅದನ್ನು ತೆಗೆದರೆ ಹಳ್ಳಕೊಳ್ಳಗಳ ರಸ್ತೆಯಲ್ಲಿ ಮೈ ತಿರುಚುತ್ತದೆ. ಬಾಗಿಲುಗಳು ಚೌಕಟ್ಟಿಗೆ ಕೂಡುವುದಿಲ್ಲ, ಮುಂದಿನ ಗಾಜು ನಡುಗುತ್ತದೆ.

ಕಾರ್ಮನ್‌ನ ಕುಶಲಿಗರು ಕಂಡುಕೊಂಡ ಪರಿಹಾರ ಕಣ್ಣಿಗೆ ಕಾಣದ ಕಡೆಯಲ್ಲಿತ್ತು. ಬಾಗಿಲುಗಳ ಕೆಳಗೆ, ಎರಡು ಪಕ್ಕಗಳಲ್ಲಿಯೂ ಉದ್ದಕ್ಕೆ ಉಕ್ಕಿನ ತೊಲೆಗಳನ್ನು ಬೆಸೆದರು. ಬಾಗಿಲ ಹಿಂದಿನ ಕಂಬಗಳನ್ನು ಬಲಪಡಿಸಿದರು. ಮೇಲೆ ಕಳೆದುಹೋದ ಬಲವನ್ನು ಕೆಳಗಿನಿಂದ ತುಂಬಿಕೊಟ್ಟರೆಂದು ಹೇಳಬಹುದು. ಇದರಿಂದಾಗಿ ತೆರೆದ ಕಾರು ಮುಚ್ಚಿದ ಕಾರಿಗಿಂತ ಭಾರವಾಯಿತು. ಹಗುರವಾಗಿ ಕಾಣುವ ವಸ್ತು ನಿಜವಾಗಿ ಭಾರವಾಗಿರುವುದು ಎಂಬ ವಿನೋದ ಇಲ್ಲಿದೆ.

ಇನ್ನು ಆ ಮಡಚುವ ಛಾವಣಿ! ಅದು ಒಂದು ಪದರದ ಬಟ್ಟೆಯಲ್ಲ. ಹೊರಗೆ ನೀರು ತಡೆಯುವ ಹೊದಿಕೆ, ನಡುವೆ ಕುದುರೆಯ ಕೂದಲು ತುಂಬಿದ ಮೆತ್ತೆ, ಒಳಗೆ ಅಂದವಾದ ಅಸ್ತರಿ. ಇವೆಲ್ಲವನ್ನೂ ಉಕ್ಕಿನ ಕಮಾನುಗಳ ಮೇಲೂ ಮರದ ಪಟ್ಟಿಗಳ ಮೇಲೂ ಬಿಗಿದು ಕೂರಿಸಬೇಕು. ಹಿಂದಿನ ಕಿಟಕಿಗೆ ನಿಜವಾದ ಗಾಜು. ಚಳಿಗಾಲದ ಹಿಮದಲ್ಲಿಯೂ ಒಳಗಿರುವವರು ಬೆಚ್ಚಗೆ, ಸದ್ದಿಲ್ಲದೆ ಕುಳಿತುಕೊಳ್ಳುವಂತೆ ಅದನ್ನು ಮಾಡಲಾಗಿತ್ತು. ಬಿಸಿಲು ಬಂದಾಗ ಮುಂಗಾಜಿನ ಚೌಕಟ್ಟಿನಲ್ಲಿರುವ ಎರಡು ಕೊಂಡಿಗಳನ್ನು ಬಿಚ್ಚಿ ಹಿಂದಕ್ಕೆ ತಳ್ಳಿದರೆ, ಇಷ್ಟು ದಪ್ಪದ ಹೊದಿಕೆ ಕಾರಿನೊಳಗೆ ಅಡಗುವುದಾದರೂ ಹೇಗೆ? ಮಗುವಿನ ತಳ್ಳುಗಾಡಿಯ ಕಮಾನಿನಂತೆ ಅದು ಹಿಂದೆ ಎತ್ತರವಾಗಿ ಕುಳಿತಿರುತ್ತದೆ. ಚಾಲಕನಿಗೆ ಹಿಂದಿನ ರಸ್ತೆ ಅರ್ಧ ಕಾಣುವುದಿಲ್ಲ. ಈ ದೋಷವೇ ಕಾಲಕ್ರಮದಲ್ಲಿ ಆ ಕಾರಿನ ಗುರುತಾಯಿತು.

ಇನ್ನೊಂದು ಸೂಕ್ಷ್ಮವೂ ಉಂಟು. ಜೀರುಂಡೆಯ ಎಂಜಿನ್ ಇರುವುದು ಹಿಂದೆ. ಅದನ್ನು ತಣಿಸುವುದು ನೀರಲ್ಲ, ಗಾಳಿ. ಮುಚ್ಚಿದ ಕಾರಿನಲ್ಲಿ ಹಿಂಗಿಟಕಿಯ ಕೆಳಗಿನ ಸೀಳುಗಳಿಂದ ಗಾಳಿ ಒಳಹೋಗುತ್ತದೆ. ತೆರೆದ ಕಾರಿನಲ್ಲಿ ಆ ಸ್ಥಳವನ್ನು ಮಡಚಿದ ಛಾವಣಿ ಆಕ್ರಮಿಸಿಕೊಳ್ಳುವುದರಿಂದ ಎಂಜಿನ್ನಿನ ಮುಚ್ಚಳದಲ್ಲಿಯೇ ಸೀಳುಗಳನ್ನು ಕೊರೆಯಬೇಕಾಯಿತು. ಒಂದು ಭಾಗವನ್ನು ಬದಲಿಸಿದರೆ ಹತ್ತು ಭಾಗಗಳನ್ನು ಹೊಸದಾಗಿ ಯೋಚಿಸಬೇಕಾಗುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮೂವತ್ತು ವರ್ಷ, ಒಂದೇ ಮುಖ

ಮೇಲುನೋಟಕ್ಕೆ ಈ ಕಾರು ಮೂವತ್ತು ವರ್ಷವೂ ಒಂದೇ ತೆರನಾಗಿ ಕಾಣುತ್ತದೆ. ಆದರೆ ಬಲ್ಲವರು ಒಂದೊಂದು ವರ್ಷದ ಗುರುತನ್ನೂ ಹೇಳಬಲ್ಲರು. 1949ರ ಕಾರಿನದು 1131 ಸಿ.ಸಿ. ಗಾತ್ರದ, 25 ಅಶ್ವಶಕ್ತಿಯ ಎಂಜಿನ್. 1954ರಲ್ಲಿ ಅದು 30 ಅಶ್ವಶಕ್ತಿಗೆ, 1960ರಲ್ಲಿ 34ಕ್ಕೆ ಏರಿತು. ಎಡಬಲಕ್ಕೆ ತಿರುಗುವುದನ್ನು ಸೂಚಿಸಲು ಮೊದಲು ಪಕ್ಕದಿಂದ ಕೈಯಂತೆ ಚಾಚಿಕೊಳ್ಳುವ ಪಟ್ಟಿಗಳಿದ್ದುವು. 1960ರಲ್ಲಿ ಜರ್ಮನಿಯ ಕಾರುಗಳಿಗೆ ಮಿನುಗುದೀಪಗಳು ಬಂದುವು. 1965ರಲ್ಲಿ 1300 ಸಿ.ಸಿ., ಮರುವರ್ಷ 1500 ಸಿ.ಸಿ., 1970ರಲ್ಲಿ 1600 ಸಿ.ಸಿ.ಯ 50 ಅಶ್ವಶಕ್ತಿಯ ಎಂಜಿನ್ ಬಂದುವು. 1967ರಲ್ಲಿ ಆರು ವೋಲ್ಟಿನ ವಿದ್ಯುತ್ತು ಹನ್ನೆರಡಾಯಿತು. ರಾತ್ರಿಯ ದೀಪಗಳು ಕಣ್ಣು ಬಿಟ್ಟುವು. ಕೊನೆಗಾಲದ 1303 ಎಂಬ ಮಾದರಿಯಲ್ಲಿ ಚಪ್ಪಟೆಯಾಗಿದ್ದ ಮುಂಗಾಜು ಬಾಗಿ ಗುಂಡಗಾಯಿತು.

ಜರ್ಮನಿಯಲ್ಲಿ ಮುಚ್ಚಿದ ಜೀರುಂಡೆಯ ತಯಾರಿಕೆ 1978ರ ಜನವರಿಯಲ್ಲಿ ನಿಂತಿತು. ತೆರೆದ ತಂಗಿ ಮಾತ್ರ ಇನ್ನೂ ಎರಡು ವರ್ಷ ಬದುಕಿದಳು. ಅಪಘಾತದಲ್ಲಿ ಕಾರು ಮಗುಚಿದರೆ ಒಳಗಿದ್ದವರ ಗತಿಯೇನೆಂಬ ಚಿಂತೆ ಆಗ ಬಲವಾಗಿತ್ತು. 1979ರಲ್ಲಿ ಕಾರ್ಮನ್ ಹೊರತಂದ ಗಾಲ್ಫ್ ಎಂಬ ತೆರೆದ ಕಾರಿಗೆ ಆ ಕಾರಣದಿಂದಲೇ ನಡುವೆ ಅಡ್ಡಲಾಗಿ ಉಕ್ಕಿನ ಕಮಾನೊಂದಿತ್ತು. ಹಿಡಿಯುಳ್ಳ ಬುಟ್ಟಿಯಂತೆ ಕಂಡ ಅದನ್ನು ಜರ್ಮನರು ‘ಸ್ಟ್ರಾಬೆರಿ ಬುಟ್ಟಿ’ ಎಂದು ಕರೆದು ನಕ್ಕರು, ನಗುತ್ತಲೇ ಕೊಂಡರು. ಕೊನೆಯ ತೆರೆದ ಜೀರುಂಡೆ ಓಸ್ನಾಬ್ರೂಕ್‌ನಿಂದ ಹೊರಬಿದ್ದದ್ದು 1980ರ ಜನವರಿ 10ರಂದು.

ನೀರೇ ಶತ್ರು

ಅಷ್ಟೊಂದು ಕಾರುಗಳು ಹುಟ್ಟಿದ ಮೇಲೆ ಚೆನ್ನಾಗಿ ಉಳಿದ ಒಂದನ್ನು ಹುಡುಕುವುದು ಕಷ್ಟವೇಕೆಂಬ ಸಂದೇಹ ಸಹಜ. ಉತ್ತರ ಒಂದೇ ಮಾತಿನದು: ನೀರು. ಜೀರುಂಡೆಯ ಬಾಗಿಲುಗಳ ಕೆಳಗೆ ಟೊಳ್ಳಾದ ಉಕ್ಕಿನ ಕೊಳವೆಗಳಿವೆ. ಎಂಜಿನ್ನಿನ ಬಿಸಿಗಾಳಿ ಅವುಗಳ ಮೂಲಕ ಬಂದು ಒಳಗಿರುವವರ ಕಾಲುಗಳನ್ನು ಬೆಚ್ಚಗಿಡುತ್ತದೆ. ಅದೇ ಕೊಳವೆಗಳು ಕಾರಿನ ಬೆನ್ನೆಲುಬಿನಂಥ ಆಧಾರವೂ ಹೌದು. ಹಳತಾದ ಛಾವಣಿಯಿಂದ ಸೋರಿದ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎರಡೂ ಅಲ್ಲಿಯೇ ಸೇರುತ್ತವೆ. ಹೊರಗಿನ ಬಣ್ಣ ಮಿರುಗುತ್ತಿರುವಾಗಲೇ ಒಳಗಿನ ಉಕ್ಕು ಹಪ್ಪಳದಂತಾಗಿರುತ್ತದೆ. ಕಾರ್ಮನ್ ಬೆಸೆದ ತೊಲೆಗಳಿಗೂ ಇದೇ ಗತಿ. ಬಲಕ್ಕಾಗಿ ಇಟ್ಟ ಭಾಗವೇ ಮೊದಲು ಕೊಳೆಯುತ್ತದೆ.

ಆದ್ದರಿಂದ ಪರೀಕ್ಷಕನು ಮೊದಲು ಬಣ್ಣವನ್ನು ನೋಡುವುದಿಲ್ಲ; ಬಾಗಿಲಿನ ಸಂದನ್ನು ನೋಡುತ್ತಾನೆ. ಮೇಲಿನಿಂದ ಕೆಳಗಿನವರೆಗೆ ಆ ಸಂದು ಒಂದೇ ಅಳತೆಯಲ್ಲಿದ್ದರೆ ಮೈ ಗಟ್ಟಿಯಾಗಿದೆಯೆಂದು ಅರ್ಥ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ನಡು ಕುಸಿದಿದೆಯೆಂದು ಅನುಮಾನಿಸಬೇಕು. ಆಮೇಲೆ ಬಣ್ಣದ ದಪ್ಪವನ್ನು ಅಳೆಯುವ ಕೈಯಳತೆಯ ಯಂತ್ರ ಹೊರಬರುತ್ತದೆ. ಕಾರ್ಖಾನೆಯ ತೆಳುವಾದ ಬಣ್ಣವೆಲ್ಲಿ, ತುಕ್ಕನ್ನು ಮುಚ್ಚಲು ಮೆತ್ತಿದ ಪುಟ್ಟಿಯೆಲ್ಲಿ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ. ಮಾಸಿದ ಹಳೆಯ ಬಣ್ಣದ ಬೆಲೆ ಇಲ್ಲಿ ಅರಿವಾಗುತ್ತದೆ. ಅದು ಚೆಲುವಿಗೆ ಕೊಡುವ ಬೆಲೆಯಲ್ಲ, ಸಾಕ್ಷ್ಯಕ್ಕೆ ಕೊಡುವ ಬೆಲೆ. ಹೊಸ ಬಣ್ಣದಡಿಯಲ್ಲಿ ಏನಾದರೂ ಅಡಗಿರಬಹುದು. ಹಳೆಯ ಬಣ್ಣಕ್ಕೆ ಅಡಗಿಸಲು ಬರುವುದಿಲ್ಲ.

ಸುಳ್ಳುಗಾಡಿಗಳ ಕಾಟವೂ ಇಲ್ಲದಿಲ್ಲ. ಜೀರುಂಡೆಯ ಮೈಯನ್ನು ಕೆಳಗಿನ ಷಾಸಿಗೆ ಬೋಲ್ಟುಗಳಿಂದ ಬಿಗಿದಿರುವುದರಿಂದ ಅದನ್ನು ಬಿಚ್ಚಿ ಕೂಡಿಸುವುದು ಸುಲಭ. ಅಗ್ಗದ ಮುಚ್ಚಿದ ಕಾರಿನ ತಲೆ ಕೊಯ್ದು, ಬಟ್ಟೆ ಹೊದಿಸಿ, ತೆರೆದ ಕಾರೆಂದು ಮಾರುವವರುಂಟು. ಅವರನ್ನು ಹಿಡಿಯಲು ಹಿಂದಿನ ಆಸನವನ್ನು ಎತ್ತಿದರೆ ಸಾಕು. ಅಲ್ಲಿ ಷಾಸಿಯ ನಡುದಿಂಡಿನ ಮೇಲೆ ಸಂಖ್ಯೆಯೊಂದನ್ನು ಒತ್ತಿರುತ್ತಾರೆ. 1964ರ ಆಗಸ್ಟಿನ ನಂತರ ತಯಾರಾದ ಕಾರುಗಳಲ್ಲಿ ಆ ಸಂಖ್ಯೆಯ ಮೊದಲೆರಡು ಅಂಕೆಗಳು ಜಾತಿಯನ್ನು ಹೇಳುತ್ತವೆ, ಮೂರನೆಯದು ಮಾದರಿಯ ವರ್ಷವನ್ನು. 11 ಎಂದಿದ್ದರೆ ಮುಚ್ಚಿದ ಕಾರು. 15 ಎಂದಿದ್ದರೆ ಕಾರ್ಮನ್‌ನ ತೆರೆದ ಕಾರು. ತಲೆ ಕೊಯ್ದವನ ಕೈಚಳಕವೆಲ್ಲ ಈ ಎರಡು ಅಂಕೆಗಳ ಮುಂದೆ ನಿಲ್ಲುವುದಿಲ್ಲ.

ಕಾಪಾಡುವುದೋ, ಹೊಸದಾಗಿಸುವುದೋ?

ಹೀಗೆ ಎಲ್ಲ ಪರೀಕ್ಷೆಗಳಲ್ಲಿಯೂ ಗೆದ್ದ ಕಾರೊಂದು ದೊರೆಯಿತೆನ್ನೋಣ. ಅದರ ಹೊಸ ಒಡೆಯನ ಮುಂದೆ ಆಗ ಒಂದು ಕವಲುದಾರಿ ಬರುತ್ತದೆ. ಬಣ್ಣ ಹೊಡೆಸಿ, ಆಸನ ಬದಲಿಸಿ, ಕ್ರೋಮಿನ ಭಾಗಗಳಿಗೆಲ್ಲ ಹೊಸ ಹೊಳಪು ಕೊಡಿಸಿ, ಕಾರ್ಖಾನೆಯಿಂದ ಇದೀಗ ಬಂದಂತೆ ಮಾಡಿಸಬೇಕೇ? ಅಥವಾ ಇದ್ದುದನ್ನು ಇದ್ದ ಹಾಗೆಯೇ ಕಾಪಾಡಬೇಕೇ?

ಬಹುಕಾಲದವರೆಗೆ ಮೊದಲನೆಯ ಮತವೇ ಪ್ರಬಲವಾಗಿತ್ತು. ಜರ್ಮನಿಯಲ್ಲಿ ಹಳೆಯ ಕಾರುಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುವ ಪದ್ಧತಿಯುಂಟು. 1 ಎಂದರೆ ಲವಲೇಶವೂ ದೋಷವಿಲ್ಲದ ಸ್ಥಿತಿ, 5 ಎಂದರೆ ಕೇವಲ ಅವಶೇಷ. ಐವತ್ತು ವರ್ಷ ಜೋಪಾನದಿಂದ ಓಡಿದ ಕಾರು, ಎಷ್ಟೇ ಅಚ್ಚುಕಟ್ಟಾಗಿದ್ದರೂ ಸಾಮಾನ್ಯವಾಗಿ 2 ಅಥವಾ 3ರಲ್ಲಿಯೇ ನಿಲ್ಲುವುದು. ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ ಕಾರು 1ಕ್ಕೆ ಏರುತ್ತದೆ. ಈ ಲೆಕ್ಕಾಚಾರದ ಆಸೆಗೆ ಬಿದ್ದು ಚೆನ್ನಾಗಿದ್ದ ಎಷ್ಟೋ ಕಾರುಗಳ ಮೂಲದ ಬಣ್ಣ ಉಜ್ಜಿಹೋಯಿತು. ಓಸ್ನಾಬ್ರೂಕ್‌ನ ಕೈಗಳು ಹೊಲಿದ ಮೆತ್ತೆ ಕಸದ ಬುಟ್ಟಿ ಸೇರಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎರಡನೆಯ ಮತ ಇತ್ತೀಚಿನ ದಶಕಗಳಲ್ಲಿ ಬಲಗೊಂಡಿದೆ. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಟ್ಯೂರಿನ್ ಸನ್ನದು ಎಂಬುದನ್ನು ಅಂಗೀಕರಿಸಿತು. ಹಳೆಯ ದೇವಾಲಯವನ್ನೋ ವರ್ಣಚಿತ್ರವನ್ನೋ ಕಾಪಾಡುವಾಗ ತಜ್ಞರು ಯಾವ ವಿವೇಕವನ್ನು ತೋರುತ್ತಾರೋ ಅದನ್ನೇ ಹಳೆಯ ಕಾರಿಗೂ ತೋರಬೇಕೆಂಬುದು ಅದರ ಸಾರ: ಅಗತ್ಯಕ್ಕಿಂತ ಹೆಚ್ಚು ಕೈಯಾಡಿಸಬೇಡಿ, ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಬರೆದಿಡಿ. ಜರ್ಮನ್ ಸರ್ಕಾರವೂ 1997ರಿಂದ ಇಂಥ ವಾಹನಗಳಿಗೆ ‘ಹೆಚ್’ ಅಕ್ಷರವುಳ್ಳ ವಿಶೇಷ ಸಂಖ್ಯಾಫಲಕ ಕೊಡುತ್ತಿದೆ. ಕಾರಿಗೆ 30 ವರ್ಷ ತುಂಬಿರಬೇಕು. ಬಹುಮಟ್ಟಿಗೆ ಮೂಲರೂಪದಲ್ಲಿಯೇ, ಒಳ್ಳೆಯ ಸ್ಥಿತಿಯಲ್ಲಿ ಇರಬೇಕು. ಎಂಜಿನ್ನಿನ ಗಾತ್ರವೇನೇ ಇರಲಿ, ವರ್ಷಕ್ಕೆ 191.73 ಯೂರೋ ತೆರಿಗೆ ಕಟ್ಟಿದರಾಯಿತು. ಪಾರಂಪರಿಕ ವಸ್ತುವಿನ ಮರ್ಯಾದೆ ಒಂದು ಜನಸಾಮಾನ್ಯರ ಕಾರಿಗೂ ಸಲ್ಲುವುದೆಂದು ಕಾನೂನೇ ಒಪ್ಪಿಕೊಂಡಿತು.

ಹಾಗೆಂದು ಮೊದಲನೆಯ ಮತದವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ತುಕ್ಕು ಪುಣ್ಯಕ್ಷೇತ್ರದ ವಿಭೂತಿಯಲ್ಲ. ಬಿಟ್ಟರೆ ಅದು ತಿಂದುಹಾಕುತ್ತದೆ. ಐವತ್ತು ವರ್ಷದ ಬ್ರೇಕಿನ ರಬ್ಬರ್ ಕೊಳವೆಯನ್ನು ‘ಮೂಲದ್ದು’ ಎಂಬ ಮೋಹದಿಂದ ಇಟ್ಟುಕೊಂಡವನು ತನ್ನ ಪ್ರಾಣವನ್ನಲ್ಲದೆ ದಾರಿಹೋಕರ ಪ್ರಾಣವನ್ನೂ ಪಣಕ್ಕಿಟ್ಟಂತೆ. ತಲೆಯ ಮೇಲೆ ಸೋರುವ ಛಾವಣಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಮೂಲವಸ್ತುಗಳೆಲ್ಲ ಕೊಳೆತುಹೋಗುತ್ತವೆ. ಒಂದನ್ನು ಕಾಪಾಡಲು ಹೋಗಿ ಹತ್ತನ್ನು ಕಳೆದುಕೊಂಡಂತಾಗುತ್ತದೆ. ನೆಲ ಕಳಚಿ ಬಿದ್ದ ಕಾರಿಗೆ ಹೊಸ ಉಕ್ಕು ಬೆಸೆಯದೆ ಬೇರೆ ದಾರಿಯೂ ಇಲ್ಲ. ಹಾಗೆ ಬದುಕಿಸಿದವರ ಶ್ರಮವೂ ಗೌರವಕ್ಕೆ ಅರ್ಹವೇ.

ಗೆರೆಯನ್ನು ಎಲ್ಲಿ ಎಳೆಯಬೇಕು? ವಿವೇಕಿಗಳಾದ ಸಂಗ್ರಾಹಕರ ನಡವಳಿಕೆಯಿಂದ ಒಂದು ಸೂತ್ರ ತಿಳಿದುಬರುತ್ತದೆ. ಸವೆಯಲೆಂದೇ ಮಾಡಿದ ಭಾಗಗಳನ್ನು ಧಾರಾಳವಾಗಿ ಬದಲಿಸಬಹುದು: ಟಯರು, ಬ್ರೇಕಿನ ಕೊಳವೆ, ಪೆಟ್ರೋಲಿನ ನಳಿಕೆ, ತಂತಿ. ಅವುಗಳಲ್ಲಿ ಕೈಗೆಲಸದ ಗುರುತಿಲ್ಲ, ಪ್ರಾಣದ ಹೊಣೆಯಿದೆ. ಬಣ್ಣ, ಹೊಲಿಗೆ, ಬೆಸುಗೆ, ಮರದ ಪಟ್ಟಿ ಇವುಗಳನ್ನು ಮುಟ್ಟುವ ಮುನ್ನ ಮೂರು ಸಲ ಯೋಚಿಸಬೇಕು. ಅನಿವಾರ್ಯವಾಗಿ ತೆಗೆದುದನ್ನು ಎಸೆಯದೆ, ಚೀಟಿ ಅಂಟಿಸಿ ಕಾರಿನ ಜೊತೆಯಲ್ಲಿಯೇ ಇಡಬೇಕು. ಮುಂದೆ ಬರುವವನು ತನಗಿಂತ ಹೆಚ್ಚು ಬಲ್ಲವನಾಗಿರಬಹುದೆಂಬ ವಿನಯ ಇದರಲ್ಲಿದೆ. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಸಬಹುದು. ಹಳೆಯ ಬಣ್ಣವನ್ನು ಯಾರೂ ಮರಳಿ ತರಲಾರರು.

ಕೈಗಳ ಕಥೆ

ಈ ಮಾತಿಗೆ ಇನ್ನೊಂದು ಕಾರಣದಿಂದಲೂ ತೂಕ ಬಂದಿದೆ. ವಿಲ್ಹೆಲ್ಮ್ ಕಾರ್ಮನ್ 1952ರಲ್ಲಿ ತೀರಿಕೊಂಡ ಮೇಲೆ ಅವನದೇ ಹೆಸರಿನ ಮಗ ಸಂಸ್ಥೆಯನ್ನು ಬೆಳೆಸಿದನು. ಫೋಕ್ಸ್‌ವ್ಯಾಗನ್ನಿನ ಷಾಸಿಯ ಮೇಲೆ ಇಟಲಿಯ ಚೆಲುವನ್ನು ಕೂರಿಸಿದ ಕಾರ್ಮನ್ ಘಿಯಾ 1955ರಲ್ಲಿ ಬಂದಿತು. ಪೋರ್ಷೆ 914, ಸಿರೊಕ್ಕೊ ಮೊದಲಾದ ಹಲವು ಪ್ರಸಿದ್ಧ ಕಾರುಗಳ ಮೈ ಅಲ್ಲಿಯೇ ತಯಾರಾಯಿತು. ಆದರೆ ದೊಡ್ಡ ಕಂಪನಿಗಳು ತೆರೆದ ಕಾರುಗಳನ್ನು ತಮ್ಮ ತಮ್ಮ ಕಾರ್ಖಾನೆಗಳಲ್ಲಿಯೇ ಮಾಡಿಕೊಳ್ಳತೊಡಗಿದಾಗ ಹೊರಗಿನ ಕುಶಲಿಗನಿಗೆ ಕೆಲಸ ಕಡಿಮೆಯಾಯಿತು. 2009ರ ಏಪ್ರಿಲಿನಲ್ಲಿ ಕಾರ್ಮನ್ ಸಂಸ್ಥೆ ದಿವಾಳಿಯೆದ್ದಿತು. ಅದೇ ವರ್ಷದ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಆ ಸ್ಥಳವನ್ನು ವಹಿಸಿಕೊಂಡಿತು. 2011ರಲ್ಲಿ ಅಲ್ಲಿ ಮತ್ತೆ ತೆರೆದ ಗಾಲ್ಫ್ ಕಾರುಗಳು ತಯಾರಾಗತೊಡಗಿದುವು. ಆದರೆ ಟಿ-ರಾಕ್ ಎಂಬ ತೆರೆದ ಕಾರಿನ ತಯಾರಿಕೆ ಅಲ್ಲಿ 2027ರ ಬೇಸಿಗೆಯ ಕೊನೆಯವರೆಗೆ ಮಾತ್ರ ಎಂದೂ, ಆಮೇಲೆ ಕಾರ್ಖಾನೆಗೆ ಬೇರೆ ಉಪಯೋಗ ಹುಡುಕಲಾಗುವುದೆಂದೂ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು.

1949ರಲ್ಲಿ ಓಸ್ನಾಬ್ರೂಕ್‌ನಲ್ಲಿ ಉಕ್ಕಿಗೆ ತೊಲೆ ಬೆಸೆದವರ, ಮೆತ್ತೆಗೆ ಕೂದಲು ತುಂಬಿದವರ, ಕಮಾನಿಗೆ ಬಟ್ಟೆ ಬಿಗಿದವರ ಹೆಸರುಗಳು ಯಾವ ಫಲಕದ ಮೇಲೂ ಇಲ್ಲ. ಯುದ್ಧದಲ್ಲಿ ಸೋತು, ಮನೆಮಠ ಕಳೆದುಕೊಂಡ ದೇಶದಲ್ಲಿ ಅವರು ಕೆಲಸ ಮಾಡಿದರು. ಬಿಸಿಲು ಬಂದಾಗ ತಲೆ ತೆರೆದು ಹೋಗಬಹುದಾದ ಒಂದು ಪುಟ್ಟ ಕಾರನ್ನು ಮಾಡಿದರು. ಅವರ ಹೊಲಿಗೆ ಎಷ್ಟು ಒತ್ತಾಗಿತ್ತು, ಬೆಸುಗೆ ಎಷ್ಟು ನೇರವಾಗಿತ್ತು, ಬಣ್ಣ ಎಷ್ಟು ತೆಳುವಾಗಿದ್ದೂ ಎಷ್ಟು ಬಾಳಿಕೆ ಬಂದಿತು ಎಂಬುದನ್ನು ತಿಳಿಯಬೇಕಾದರೆ ಯಾರೂ ಬಿಚ್ಚದೆ ಉಳಿಸಿಕೊಂಡ ಕಾರನ್ನೇ ನೋಡಬೇಕು. ಹೊಸದಾಗಿ ಹೊಲಿದ ಛಾವಣಿ ಎಷ್ಟೇ ಅಂದವಾಗಿರಲಿ, ಅದು ಇಂದಿನ ಕುಶಲಿಗನ ಕಥೆಯನ್ನು ಹೇಳುತ್ತದೆಯೇ ಹೊರತು ಅಂದಿನವನದನ್ನಲ್ಲ.

ಸಂಗ್ರಾಹಕನು ಮಾಸಿದ ಬಣ್ಣದ ಮುಂದೆ ಮೊಣಕಾಲೂರುವುದು ಇದಕ್ಕಾಗಿ. ಕೊಂಡವನು ಅದರ ಒಡೆಯನೆಂದು ಕಾಗದದಲ್ಲಿ ಬರೆದಿರಬಹುದು. ನಿಜವಾಗಿ ಅವನು ಕಾವಲುಗಾರ. ಒಣನೆಲದ ಮೇಲೆ ನಿಲ್ಲಿಸಿ, ಛಾವಣಿ ಒದ್ದೆಯಾಗಿರುವಾಗ ಮಡಚದೆ, ಬೇಸಿಗೆಯ ಒಳ್ಳೆಯ ದಿನಗಳಲ್ಲಿ ನಾಲ್ಕು ಮೈಲಿ ಓಡಿಸಿ, ಕಾಗದಪತ್ರಗಳನ್ನು ಒಂದೆಡೆ ಕೂಡಿಟ್ಟು ಮುಂದಿನವರ ಕೈಗೆ ಒಪ್ಪಿಸಿದರೆ ಅವನ ಕೆಲಸ ಮುಗಿಯಿತು.